ನೂರರಲ್ಲಿ ಹತ್ತು ಹೆಂಗಸರು

ಸೆಪ್ಟೆಂಬರ್ 4, ಗುರುವಾರ. ಬೆಳಿಗ್ಗೆ 6

ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ಹತ್ತು ಸಲ. ಎಡಗೈ ನಿನ್ನೆಗಿಂತ ಒಂದು ಬೆರಳಗಲ ಮೇಲೆ ಹೋಯಿತು. ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಕಂಕುಳಲ್ಲಿ ಇನ್ನೂ ಎಳೆತ. ಆಪರೇಷನ್ ಆಗಿ ಹದಿನಾರು ದಿನ.

ನಿನ್ನೆ ರಿಪೋರ್ಟ್ ಬಂತು. ಅಮಿತಾ ಮಣಿಪಾಲಕ್ಕೆ ಹೋಗಿ ತಂದು, ಬ್ರಹ್ಮಾವರದ ತನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಓದಿದಳು. ಒಂದೊಂದೇ ಅಕ್ಷರ. ಗಂಟು ಒಂದು ಸೆಂಟಿಮೀಟರಿಗಿಂತ ಚೂರು ದೊಡ್ಡದು. ಪೂರ್ತಿ ತೆಗೆದಾಗಿದೆ. ಕಂಕುಳಿಗೆ ಹೋಗಿಲ್ಲ. ಕೀಮೋ ಬೇಡವಂತೆ. ರೇಡಿಯೇಶನ್ ವಿಷಯ ಮಂಗಳವಾರ ಮಾತಾಡುತ್ತಾರಂತೆ.

"ಅಕ್ಕ, ದೇವ್ರ್ ದೊಡ್ಡವ" ಅಂದಳು. ಅತ್ತಳು. ತಂಗಿ ಅತ್ತರೆ ನನಗೆ ಅಳು ಬರುವುದಿಲ್ಲ. ಚಿಕ್ಕಂದಿನಿಂದ ಹಾಗೇ.

ರಾತ್ರಿ 8.30

ಮುಂಬೈಯಿಂದ ಅವರ ಫೋನ್. ದಿನಾ ಎಂಟಕ್ಕೆ.

"ಊಟ ಆಯ್ತಾ?"

"ಆಯ್ತ್. ನಿಮ್ದ್?"

"ಈಗ ಹಾಕ್ತ್ರ್. ಎಂತ ಸಾರ್ ಮಾಡ್ದೆ?"

"ಬಂಗ್ಡಿ."

ಬಂಗಡೆ ಮೀನು ಇರಲಿಲ್ಲ. ಗಂಜಿ, ಉಪ್ಪಿನಕಾಯಿ. ಅವರಿಗೆ ಗೊತ್ತಿರುವುದು ಇಷ್ಟು: ಅಮಿತಾಳಿಗೆ ಮೊಣಕಾಲು ನೋವು, ನಾನು ಅವಳ ಮನೆಗೆ ಹೋಗಿ ಬಂದೆ. ಜುಲೈಯಲ್ಲಿ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿದಂದಿನಿಂದ ಹೇಳುತ್ತಿರುವ ಸುಳ್ಳು. ಮೊದಲು, ರಿಪೋರ್ಟ್ ಬರಲಿ ಅಂದುಕೊಂಡೆ. ಆಮೇಲೆ ಆಪರೇಷನ್ ಆಗಲಿ. ಈಗ...

ಸೆಪ್ಟೆಂಬರ್ 9, ಮಂಗಳವಾರ. ರಾತ್ರಿ 7

ಶಿರೂರಿಂದ ಆರೂವರೆಯ ಬಸ್ಸು. ಬ್ರಹ್ಮಾವರದಲ್ಲಿ ಅಮಿತಾ ಹತ್ತಿದಳು. ಹೋಗುವುದು ಬರುವುದು ಸೇರಿ ಐದು ಗಂಟೆ ಬಸ್ಸಿನಲ್ಲೇ.

ರೇಡಿಯೇಶನ್ ಡಾಕ್ಟರು ಅನ್ವಿತಾ ಅಂತ. ಮೂವತ್ತೈದರ ಒಳಗೆ. ಫಾರಂ ತುಂಬಿದರು. ಹೆಸರು ಸೀತು. ವಯಸ್ಸು ಅರುವತ್ತೇಳು. ಕೆಲಸ — ನಿವೃತ್ತ ಬ್ರಾಂಚ್ ಪೋಸ್ಟ್‌ಮಾಸ್ಟರ್. ಗಂಡನ ಹೆಸರು ಚಂದಯ್ಯ, ಮುಂಬೈಯಲ್ಲಿ ಕ್ಯಾಂಟೀನ್. ಮಕ್ಕಳು?

"ಇಲ್ಲೆ" ಅಂದೆ.

ಡಾಕ್ಟರು ತಲೆ ಎತ್ತಲಿಲ್ಲ. ಒಳ್ಳೆಯದಾಯಿತು.

ಆಮೇಲೆ ಒಂದು ಹಾಳೆ ತೆಗೆದು ಹತ್ತು ಸಾಲು ಸೊನ್ನೆ ಬರೆದರು. ನೂರು ಸೊನ್ನೆ.

"ಸೀತಮ್ಮ, ಇವರು ನಿಮ್ಮ ಹಾಗಿನ ನೂರು ಹೆಂಗಸರು ಅಂತ ಇಟ್ಟುಕೊಳ್ಳಿ. ಅರುವತ್ತೈದು ದಾಟಿದವರು. ಗಂಟು ಚಿಕ್ಕದು, ಕಂಕುಳಿಗೆ ಹೋಗಿಲ್ಲ, ಹಾರ್ಮೋನ್ ಮಾತ್ರೆಗೆ ಬಗ್ಗುವಂಥದ್ದು. ರೇಡಿಯೇಶನ್ ಇಲ್ಲದೆ ಬರೀ ಮಾತ್ರೆ ತಗೊಂಡರೆ, ಹತ್ತು ವರ್ಷದಲ್ಲಿ ಸುಮಾರು ಹತ್ತು ಜನರಿಗೆ ಅದೇ ಮೊಲೆಯಲ್ಲಿ ಮತ್ತೆ ಬರಬಹುದು." ಒಂದು ಸಾಲಿಗೆ ಪೂರ್ತಿ ಅಡ್ಡಗೀಟು ಎಳೆದರು. "ರೇಡಿಯೇಶನ್ ಕೊಟ್ಟರೆ ಒಬ್ಬರಿಗೆ. ಹೆಚ್ಚೆಂದರೆ ಇಬ್ಬರಿಗೆ."

"ಸಾಯುದ್?"

ಅಮಿತಾ ನನ್ನ ತೊಡೆ ಚಿವುಟಿದಳು.

"ಆಯುಷ್ಯ ಎರಡು ಗುಂಪಿಗೂ ಹೆಚ್ಚು ಕಡಿಮೆ ಒಂದೇ. ಅದಕ್ಕೇ ನಿಮ್ಮನ್ನು ಕೇಳುತ್ತಾ ಇರುವುದು. ವಯಸ್ಸು ಕಡಿಮೆ ಇದ್ದಿದ್ದರೆ, ಗಂಟು ದೊಡ್ಡದಿದ್ದರೆ, ಕೇಳುತ್ತಾ ಇರಲಿಲ್ಲ — ಮಾಡಿಸಿ ಅಂತಲೇ ಹೇಳುತ್ತಿದ್ದೆ."

ಮತ್ತೆ ಬಂದರೆ? ಮತ್ತೆ ಆಪರೇಷನ್. ಆಗ ಮೊಲೆ ಪೂರ್ತಿ ತೆಗೆಯಬೇಕಾಗಬಹುದು.

ಮಾಡಿಸಿಕೊಂಡರೆ? ವಾರಕ್ಕೆ ಐದು ದಿನ, ಮೂರು ವಾರ. ಹದಿನೈದು ಸಲ. ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಆಗುತ್ತದೆ, ವಾಸಿಯಾಗುತ್ತದೆ. ಸುಸ್ತು. ಮೊಲೆ ಸ್ವಲ್ಪ ಗಟ್ಟಿಯಾಗಬಹುದು, ಕುಗ್ಗಬಹುದು. ಎಡಗಡೆ ಆದ್ದರಿಂದ ಹೃದಯ ಹತ್ತಿರ. ಶ್ವಾಸಕೋಶದ ತುದಿ ಹತ್ತಿರ. ಉಸಿರು ಎಳೆದು ಹಿಡಿದುಕೊಂಡರೆ ಹೃದಯ ಚೂರು ದೂರ ಸರಿಯುತ್ತದೆ, ಆಗ ಕಿರಣ ಬಿಡುತ್ತಾರೆ. "ನಿಮಗೆ ಬಿಪಿ ಇಲ್ಲ, ಶುಗರ್ ಇಲ್ಲ. ಅಪಾಯ ಚಿಕ್ಕದು. ಆದರೆ ಸೊನ್ನೆ ಅಂತ ನಾನು ಹೇಳಲಾರೆ." ಬಹಳ ವರ್ಷದ ಮೇಲೆ, ಬಹಳ ಅಪರೂಪಕ್ಕೆ, ಕಿರಣದಿಂದಲೇ ಬೇರೆ ಕ್ಯಾನ್ಸರ್. ಅದನ್ನೂ ಹೇಳಿದರು. ಏನೂ ಮುಚ್ಚಿಡಲಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಮಾತ್ರೆ ಮಾತ್ರ ಐದು ವರ್ಷ ತಪ್ಪಿಸುವಂತಿಲ್ಲ.

"ನಿಮ್ಮಮ್ಮ ಆಗಿದ್ರೆ ಎಂತ ಹೇಳ್ತಿದ್ರಿ?" ಕೇಳಿದೆ.

"ಯಾವುದರ ಜೊತೆ ನಿನಗೆ ಬದುಕಲಿಕ್ಕೆ ಆಗುತ್ತದೆ ಅಂತ ಕೇಳುತ್ತಿದ್ದೆ. ಹತ್ತರ ಭಯದ ಜೊತೆಗೋ, ಹದಿನೈದು ದಿನದ ಕಷ್ಟದ ಜೊತೆಗೋ. ನನ್ನಮ್ಮನಿಗೆ ಒಂದು ಉತ್ತರ, ನಿಮಗೆ ಒಂದು."

ಬಸ್ಸಿನಲ್ಲಿ ಅಮಿತಾ ಬಿಡಲಿಲ್ಲ. "ಮಾಡ್ಸ್ಕೊ ಅಕ್ಕ. ಆ ಹತ್ತ್ ಜನ್ರಲ್ಲಿ ನೀನೇ ಇದ್ರೆ?"

"ತೊಂಬತ್ತರಲ್ಲಿ ಇದ್ರೆ?"

"ನಿನ್ ಹತ್ರ ಮಾತಾಡುದ್ ಒಂದೇ, ಗ್ವಾಡಿ ಹತ್ರ ಮಾತಾಡುದ್ ಒಂದೇ."

ಸಾಲಿಗ್ರಾಮ ದಾಟುವವರೆಗೆ ಅವಳು ಹೊರಗೆ ನೋಡಿದಳು. ಆಮೇಲೆ ಕೈ ಹಿಡಿದುಕೊಂಡಳು. ಬ್ರಹ್ಮಾವರದಲ್ಲಿ ಇಳಿಯುವುದು ಬಿಟ್ಟು ಕೋಟದವರೆಗೆ ಬಂದಿದ್ದಾಳೆ, ನೆನಪಾಗಿ ಇಬ್ಬರಿಗೂ ನಗು. ಕೋಟದಲ್ಲಿ ಇಳಿದು ವಾಪಸ್ ಬಸ್ಸು ಹಿಡಿದಳು.

ಸೆಪ್ಟೆಂಬರ್ 10. ಮಧ್ಯಾಹ್ನ

ಬ್ಯಾಂಡೇಜ್ ಇಲ್ಲದೆ ಕನ್ನಡಿಯ ಮುಂದೆ ನಿಂತೆ. ಬಾಗಿಲು ಹಾಕಿ. ಒಬ್ಬಳೇ ಇರುವ ಮನೆಯಲ್ಲಿ ಯಾಕೆ ಬಾಗಿಲು ಹಾಕಿದೆನೋ.

ಗಾಯ ಕೆಂಪಗೆ, ಬಾಗಿದ ಗೆರೆ. ಎಡಗಡೆ ಚೂರು ತಗ್ಗು. ಯಾರಿಗೂ ಹಾಲು ಕೊಡದ ಮೊಲೆ. ಮುಟ್ಟಿದವರು ಒಬ್ಬರೇ. ಅದೂ ವರ್ಷಕ್ಕೆ ಹದಿನೈದು ದಿನ.

ಮದುವೆಯಾಗಿ ನಲವತ್ತೊಂದು ವರ್ಷ. ಒಟ್ಟಿಗೆ ಇದ್ದ ದಿನ ಕೂಡಿಸಿ ನೋಡಿದರೆ ಎರಡು ವರ್ಷವೂ ಆಗುವುದಿಲ್ಲ. ಪ್ರತಿ ಏಪ್ರಿಲಿನಲ್ಲಿ ಬರುತ್ತಾರೆ. ಮೊದಲ ಐದು ದಿನ ನಾಚಿಕೆ ಬಿಡಲಿಕ್ಕೆ ಹೋಗುತ್ತದೆ. ನಡುವಿನ ಐದು ದಿನ ಚಂದ. ಕೊನೆಯ ಐದು ದಿನ ಹೊರಡುವ ತಯಾರಿ. ಕಳೆದ ವರ್ಷ ಅದೂ ಇಲ್ಲ, ಬರಲೇ ಇಲ್ಲ. ಕ್ಯಾಂಟೀನಿನಲ್ಲಿ ಜನ ಇಲ್ಲ ಅಂದರು.

ಬೇರೆಯವರ ಕಾಗದ ಬಟವಾಡೆ ಮಾಡಿಸುತ್ತಾ ಮೂವತ್ತು ವರ್ಷ ಕಳೆದೆ. ದುಬೈಯ ಕಾಗದ, ಮುಂಬೈಯ ಕಾಗದ. ಯಾರ ಗಂಡ ಬರೆಯುತ್ತಾನೆ, ಯಾರ ಗಂಡ ಬರೆಯುವುದಿಲ್ಲ, ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನಗೆ ಬಂದದ್ದು ಇದ್ದರೆ ಚೀಲದ ತಳಕ್ಕೆ ಹಾಕಿಡುತ್ತಿದ್ದೆ. ಎಲ್ಲರದೂ ಆದ ಮೇಲೆ ನನ್ನದು.

ಅವರು ಈಗ ಬೇಕು. ಬರೆಯಲಿಕ್ಕೆ ನಾಚಿಕೆ ಏನು. ಈ ಮಧ್ಯಾಹ್ನ, ಈ ಕೋಣೆಯಲ್ಲಿ, ಹೆಗಲ ಮೇಲೆ ಒಂದು ಕೈ ಬೇಕು.

ಆದರೆ ಕ್ಯಾನ್ಸರ್ ಅಂದರೆ ಬರುತ್ತಾರೆ. ಕಾಯಿಲೆಗಾಗಿ ಬರುವುದು ಬೇಡ. ನನಗಾಗಿ ಬರಲಿ.

ಸೆಪ್ಟೆಂಬರ್ 14, ಭಾನುವಾರ

ಅಮಿತಾ ಸಾಲಿಗ್ರಾಮಕ್ಕೆ ಕರೆದುಕೊಂಡು ಹೋದಳು. ಪಂಕಜಾಕ್ಷಮ್ಮನ ಮನೆ. ಅಮಿತಾಳ ಹತ್ತಿರ ರವಿಕೆ ಹೊಲಿಸುವವರು. ನಾಲ್ಕು ವರ್ಷದ ಹಿಂದೆ ಅವರಿಗೂ ಇದೇ. ಬಲಗಡೆ. ಕಂಕುಳಿಗೂ ಹೋಗಿತ್ತು. ಕೀಮೋ, ರೇಡಿಯೇಶನ್ ಎಲ್ಲ ಆದವರು. ಯಜಮಾನರು ಉದಯಶಂಕರ ಅಂತ, ದೇವಸ್ಥಾನದ ಕೆಲಸ.

ನಾನು ಕೇಳಲಿಕ್ಕೆ ಸಂಕೋಚಪಟ್ಟೆ. ಅವರೇ ಶುರು ಮಾಡಿದರು.

"ಮೊದ್ಲ್ ಹತ್ತ್ ದಿನ ಎಂತದೂ ಗೊತ್ತಾತಿಲ್ಲೆ. ಬರೀ ಮಲ್ಕಂಬುದ್, ಏಳುದ್. ಮತ್ತೆ ಚರ್ಮ ಕಪ್ಪ್ ಆಯ್ತ್, ಮಡಿಕೆ ಇಪ್ಪಲ್ಲಿ ಸುಲ್ದ್ ಬಂತ್. ಉರಿ. ಬಟ್ಟೆ ತಾಗ್ಸುಕೆ ಎಡಿತಿರ್ಲಿಲ್ಲೆ. ಒಂದ್ ತಿಂಗ್ಳಲ್ಲಿ ಸಮ ಆಯ್ತ್."

"ಸುಸ್ತ್?"

"ಅದ್ ಮಾತ್ರ ಮೂರ್ ತಿಂಗ್ಳ್. ನಿಂತಲ್ಲೇ ನಿದ್ದಿ ಬತ್ತಿತ್ತ್. ಬಲಗೈ ಈಗ್ಳೂ ದಪ್ಪ ಆತ್ತ್ ಒಂದೊಂದ್ ಸಲ, ಅದ್ ಕಂಕ್ಳ್ ಆಪರೇಷನ್ ಮಾಡಿದ್ದಕ್ಕೂ ಆಯಿಕ್ಕ್." ಕೈ ತೋರಿಸಿದರು. ಬಳೆ ಒಂದು ಕೈಗೆ ಮಾತ್ರ.

ಹಾಗಾದರೆ ನಾನು ಏನು ಮಾಡಲಿ ಅಂತ ಕೇಳಿದೆ.

"ನಾ ಹೇಳುಕಾಗ ಸೀತು. ನಂಗ್ ಬ್ಯಾರೆ ದಾರಿ ಇರ್ಲಿಲ್ಲೆ. ಮಾಡ್ಸ್ಕಂಡೆ, ಆಯ್ತ್. ನಿಂಗ್ ಎರಡ್ ದಾರಿ ಇತ್ತ್. ನಿಂದೇ ಕಷ್ಟ."

ಹೊರಡುವಾಗ ಅವರ ಯಜಮಾನರು ಹೊರಗಿಂದ ಬಂದರು. ಮಾತಿಲ್ಲ ಕತೆಯಿಲ್ಲ, ಹೆಂಡತಿಯ ಹಿಂದೆ ನಿಂತು ಸೆರಗು ಸರಿ ಮಾಡಿ ಪಿನ್ ಹಾಕಿದರು. ಅವರ ಬಲಗೈ ಹಿಂದಕ್ಕೆ ಹೋಗುವುದಿಲ್ಲ ಕಾಣುತ್ತದೆ, ದಿನಾ ಮಾಡುವ ಕೆಲಸ ಇರಬೇಕು. ಇಬ್ಬರಿಗೂ ಅದರ ಮೇಲೆ ಗಮನವೇ ಇಲ್ಲ. ಪಂಕಜಾಕ್ಷಮ್ಮ ಅಮಿತಾಳ ಹತ್ತಿರ ರವಿಕೆಯ ತೋಳಿನ ಅಳತೆ ಹೇಳುತ್ತಲೇ ಇದ್ದರು.

ರೇಡಿಯೇಶನ್ ಬಗ್ಗೆ ಕೇಳಿದ್ದೆಲ್ಲ ದಾರಿಯಲ್ಲಿ ಮರೆತುಹೋಯಿತು. ಆ ಪಿನ್ ಮಾತ್ರ ಮರೆಯಲಿಲ್ಲ.

ಸೆಪ್ಟೆಂಬರ್ 17. ರಾತ್ರಿ

"ನವರಾತ್ರಿಗ್ ಬತ್ರ್ಯಾ?" ಕೇಳಿಬಿಟ್ಟೆ. ಎಂದೂ ಕೇಳಿದವಳಲ್ಲ.

"ಈಗ? ಎಂತಕ್?"

"ಸುಮ್ನೆ."

"ಡಿಸೆಂಬರಿಗ್ ಕಾಂಬ. ಇಲ್ಲ್ ಆಫೀಸಿನವ್ರ್ ದಿನಕ್ ಮುನ್ನೂರ್ ಊಟ ಹೇಳ್ತ್ರ್." ಆಮೇಲೆ ಕೇಳಿದರು, "ನಿನ್ ಸ್ವರ ಎಂತಕ್ ಸಣ್ಣ ಆಯ್ತ್?"

"ಶೀತ."

"ಕಷಾಯ ಮಾಡ್ಕೊ."

ಮಾಡಿಕೊಂಡೆ. ಶೀತ ಇಲ್ಲದಿದ್ದರೂ ಕುಡಿದೆ. ಹೇಳಿದ್ದಾರಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಒಂಬತ್ತು ದಿನ ಬರೆಯಲಿಲ್ಲ. ಮಾತ್ರೆ ಶುರುವಾಗಿದೆ. ಬೆಳಿಗ್ಗೆ ಕೈಬೆರಳ ಗಂಟು ಹಿಡಿದ ಹಾಗೆ. ಅದು ಇರುತ್ತದಂತೆ.

ರೇಡಿಯೇಶನ್ ಬೇಡ ಅಂತ ತೀರ್ಮಾನ. ಅಮಿತಾಳಿಗೆ ಹೇಳಿದೆ, ಜಗಳವಾಯಿತು. ನನ್ನ ಕಾರಣಗಳು ಗಟ್ಟಿ ಇವೆ. ಆಯುಷ್ಯ ಹೇಗೂ ಒಂದೇ. ಎಡಗಡೆ, ಹೃದಯ. ಮೂರು ವಾರ ಬಸ್ಸು. ಅಥವಾ ಅವಳ ಮನೆಯಲ್ಲಿ ಉಳಿದು ಅವಳ ಕೆಲಸ ಹಾಳು ಮಾಡುವುದು. ಅರುವತ್ತೇಳರಲ್ಲಿ ಬೇಡ ಅನ್ನುವವರು ಎಷ್ಟೋ ಜನ, ಡಾಕ್ಟರೇ ಹೇಳಿದ್ದಾರೆ.

ಎಲ್ಲ ಸರಿ. ಆದರೆ ಇದರೊಳಗಾದರೂ ಸತ್ಯ ಬರೆಯಬೇಕು. ಇವು ಯಾವುವೂ ನನ್ನ ಕಾರಣ ಅಲ್ಲ. ಮೂರು ವಾರ ಬ್ರಹ್ಮಾವರದಲ್ಲಿ ಇದ್ದರೆ ಅವರಿಗೆ ಹೇಳಬೇಕಾಗುತ್ತದೆ. ಚರ್ಮ ಕಪ್ಪಾದರೆ ಏಪ್ರಿಲಿನಲ್ಲಿ ಕಾಣುತ್ತದೆ. ಮಾಡಿಸದಿದ್ದರೆ ಒಂದು ಸಣ್ಣ ಗೆರೆ. ಕತ್ತಲೆಯಲ್ಲಿ ಯಾರಿಗೆ ಗೊತ್ತಾಗುತ್ತದೆ.

ಥೂ. ಏನು ಹೆಂಗಸು ನಾನು.

ಸೆಪ್ಟೆಂಬರ್ 29, ಸೋಮವಾರ

ಬೇಡ ಅಂತ ಹೇಳಲಿಕ್ಕೆ ಹೋದೆ. ಒಬ್ಬಳೇ. ಅಮಿತಾ ಬರುವುದಿಲ್ಲ ಅಂದಳು.

ಡಾಕ್ಟರು ಪೂರ್ತಿ ಕೇಳಿದರು. "ಸರಿ. ಅದು ತಪ್ಪು ತೀರ್ಮಾನ ಏನಲ್ಲ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ತಪ್ಪಿಸಬೇಡಿ." ಬರೆಯುತ್ತಾ ಕೇಳಿದರು, "ಯಜಮಾನರು ಏನಂದರು?"

"ಅವ್ರಿಗ್ ಗೊತ್ತಿಲ್ಲೆ."

"ರೇಡಿಯೇಶನ್ ಬೇಡ ಅಂದದ್ದು ಗೊತ್ತಿಲ್ಲವಾ?"

"ಯಾವ್ದೂ ಗೊತ್ತಿಲ್ಲೆ."

ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. "ಸೀತಮ್ಮ, ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಗಂಟು ಹಾಕಿದ್ದೀರಿ ಅಂತ ನನಗೆ ಅನಿಸುತ್ತದೆ. ಗಂಡನಿಗೆ ಹೇಳುವುದೋ ಬೇಡವೋ ಅನ್ನುವುದು ಒಂದು. ನಿಮ್ಮ ಎದೆಗೆ ಏನು ಒಳ್ಳೆಯದು ಅನ್ನುವುದು ಇನ್ನೊಂದು. ಗಂಟು ಬಿಡಿಸಿಕೊಂಡು ಬನ್ನಿ. ಆಗಲೂ ಬೇಡ ಅಂದರೆ ಬೇಡ. ಇನ್ನು ಎರಡು ವಾರ ಸಮಯ ಇದೆ."

ಮಗಳ ವಯಸ್ಸಿನವಳು. ಮಗಳಿದ್ದಿದ್ದರೆ.

ಸೆಪ್ಟೆಂಬರ್ 30. ರಾತ್ರಿ 8.20

ಹೇಳಿದೆ.

"ಊಟ ಆಯ್ತಾ" ಅಂದರು. ಆಯಿತು ಅನ್ನಲಿಲ್ಲ. ನೇರ ಹೇಳಿದೆ. ಎದೆಯಲ್ಲಿ ಗಂಟಾಗಿತ್ತು, ಕ್ಯಾನ್ಸರ್, ಆಗಸ್ಟ್ ಹತ್ತೊಂಬತ್ತಕ್ಕೆ ಆಪರೇಷನ್ ಆಯಿತು, ಅಮಿತಾಳ ಕಾಲಿಗೆ ಏನೂ ಆಗಿರಲಿಲ್ಲ.

ಆ ಕಡೆ ಪಾತ್ರೆಗಳ ಸದ್ದು. ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು.

"ಕೇಂತಾ?" ಅಂದೆ.

ಫೋನ್ ಕಟ್ಟಾಯಿತು. ಕಟ್ಟಾಯಿತೋ, ಕಟ್ ಮಾಡಿದರೋ.

ಅಕ್ಟೋಬರ್ 1

ಎಂಟು ಗಂಟೆಗೆ ಫೋನ್ ಇಲ್ಲ. ನಾನು ಮಾಡಿದೆ. ಸ್ವಿಚ್ ಆಫ್.

ಅಕ್ಟೋಬರ್ 2. ವಿಜಯದಶಮಿ

ಇಲ್ಲ.

ಅಕ್ಟೋಬರ್ 3, ಶುಕ್ರವಾರ. ಮಧ್ಯಾಹ್ನ

ಬಂದಿದ್ದಾರೆ. ಒಳಕೋಣೆಯಲ್ಲಿ ಮಲಗಿದ್ದಾರೆ. ಗೊರಕೆ ಕೇಳುತ್ತಿದೆ.

ಬೆಳಿಗ್ಗೆ ಏಳಕ್ಕೆ ಗೋಡೆಯ ಹತ್ತಿರ ನಿಂತು ವ್ಯಾಯಾಮ ಮಾಡುತ್ತಿದ್ದೆ. "ಹ್ವಾಯ್" ಅಂತ ಸ್ವರ. ಕೈ ಮೇಲೆ ಇದ್ದ ಹಾಗೆಯೇ ತಿರುಗಿದೆ. ಮೆಟ್ಟಿಲ ಮೇಲೆ ಕೂತಿದ್ದಾರೆ. ಬ್ಯಾಗು ಕೆಳಗೆ. ಮೂರೇ ಮೆಟ್ಟಿಲು, ಒಂದೇ ಸಲಕ್ಕೆ ಹತ್ತಲಿಕ್ಕೆ ಆಗಲಿಲ್ಲ. ಏಪ್ರಿಲಿಗಿಂತ ಅರ್ಧ ಆಗಿದ್ದಾರೆ.

"ಫೋನ್ ಎಂತಕ್ ಮಾಡ್ಲಿಲ್ಲೆ?" ಮೊದಲು ಬಾಯಿಗೆ ಬಂದದ್ದು ಅದು.

"ಟಿಕೆಟ್ ಮಾಡುಕ್ ಹೋದೆ. ಮತ್ತೆ... ಫೋನಲ್ಲಿ ಮರ್ಕಿದ್ರೆ ನಿಂಗ್ ಕೇಂತಿತ್ತಲೆ."

ಎಪ್ಪತ್ತು ವರ್ಷದ ಮನುಷ್ಯ. ಮೂರು ದಿನ ಅಳು ಮುಗಿಸಿಕೊಂಡು ಬಂದಿದ್ದಾರೆ.

ರಾತ್ರಿ

ಊಟದ ನಂತರ ಅವರ ಮಾತ್ರೆ ಡಬ್ಬಿ ನನ್ನ ಮಾತ್ರೆಯ ಪಕ್ಕದಲ್ಲಿತ್ತು. ಏಪ್ರಿಲಿನಲ್ಲೂ ನೋಡಿದ್ದೆ. ಗ್ಯಾಸಿಗೆ ಅಂದಿದ್ದರು. ಈ ಸಲ ಕನ್ನಡಕ ಹಾಕಿ ಹೆಸರು ಓದಿದೆ. ರಕ್ತ ತೆಳು ಮಾಡುವ ಮಾತ್ರೆ. ಇಂಥದ್ದು ಪಕ್ಕದ ಮನೆಯಲ್ಲೂ ಇದೆ, ನನಗೆ ಗೊತ್ತು.

"ಇದ್ ಗ್ಯಾಸಿನ ಮಾತ್ರಿ ಅಲ್ಲ."

ಕೈ ತೊಳೆಯುತ್ತಿದ್ದರು. ತಿರುಗಲಿಲ್ಲ. ಆಮೇಲೆ ಬಲಗೈಯ ಮಣಿಕಟ್ಟು ಮುಂದೆ ಹಿಡಿದರು. ಗುಂಡುಸೂಜಿ ಚುಚ್ಚಿದಷ್ಟು ಒಂದು ಕಲೆ.

"ಹೋದ್ ವರ್ಷ ಏಪ್ರಿಲಂಗೆ. ಹಾರ್ಟಿಗ್ ಸ್ಟೆಂಟ್ ಹಾಕಿದ್ರ್. ಇಲ್ಲಿಂದ ತಂತಿ ಹೊಗ್ಸಿ."

ಕಳೆದ ವರ್ಷ ಬಾರದ ಏಪ್ರಿಲ್. ಕ್ಯಾಂಟೀನಿನಲ್ಲಿ ಜನ ಇಲ್ಲ ಅಂದ ಏಪ್ರಿಲ್. ಅಲ್ಲಿ ಯಾರು ನೀರು ಕೊಟ್ಟರೋ. ಯಾರು ಸಹಿ ಹಾಕಿದರೋ.

ಸಿಟ್ಟು ಬಂತು. ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿಲ್ಲ. "ನಾನ್ ಎಂತ ಸತ್ತ್ ಹೋಯಿದ್ನಾ ಹೇಳುಕೆ? ಒಂದ್ ವರ್ಷ! ದಿನಾ ಎಂಟ್ ಗಂಟಿಗ್ ಸಾರ್ ಎಂತ ಅಂದ್ ಕೇಂತಿದ್ರಿ!"

"ನೀನೂ ಬಂಗ್ಡಿ ಅಂದಿದ್ದೆ" ಅಂದರು. ಮೆಲ್ಲಗೆ.

ಇಬ್ಬರೂ ಬಚ್ಚಲ ಬಾಗಿಲಲ್ಲಿ ನಿಂತಿದ್ದೆವು. ನಲ್ಲಿ ಸುರಿಯುತ್ತಲೇ ಇತ್ತು.

ಅಕ್ಟೋಬರ್ 4. ಸಂಜೆ

ತೋರಿಸಿದೆ. ಹಗಲಿನಲ್ಲಿ, ಕಿಟಕಿ ತೆರೆದಿದ್ದಾಗ. ಅವರು ಕೇಳಲಿಲ್ಲ, ನಾನೇ.

ಬಹಳ ಹೊತ್ತು ನೋಡಿದರು. ಬೆರಳ ಹಿಂಭಾಗದಿಂದ ಗೆರೆಯ ಪಕ್ಕ ಮುಟ್ಟಿದರು. ಅಡುಗೆಯವರ ಕೈ, ಒರಟು. "ನೋವಿತ್ತಾ?"

"ಇಲ್ಲೆ."

"ಇಷ್ಟಕ್ ಹೆದ್ರಿದ್ದಾ ನೀನ್, ನಾ ಕಂಡ್ರೆ ಎಂತ ಅಂದ್ಕಂತ್ನೋ ಅಂದ್?"

ಹೌದು ಅಂದೆ. ಪೆದ್ದಿ ಅಂದರು. ಇನ್ನೂ ಏನೇನೋ ಅಂದರು. ಬರೆಯುವುದಿಲ್ಲ.

ಅಕ್ಟೋಬರ್ 5, ಭಾನುವಾರ

ಅಮಿತಾಳ ಮನೆಗೆ ಬಂದೆವು. ಅವಳು ಭಾವನ ಹತ್ತಿರ ಅರ್ಧ ಗಂಟೆ ಮಾತು ಬಿಟ್ಟಳು, ಆಮೇಲೆ ಅವರಿಗೇ ದೊಡ್ಡ ಮೀನಿನ ತುಂಡು ಬಡಿಸಿದಳು.

ಸಂಜೆ ಇಬ್ಬರೇ ಹಂಗಾರಕಟ್ಟೆಗೆ ಹೋದೆವು. ಮದುವೆಗೆ ಮೊದಲು ಅವರು ಅಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಇದ್ದರು. ಈಗಲೂ ಒಂದು ದೊಡ್ಡ ಬೋಟು ಕಂಬಗಳ ಮೇಲೆ ನಿಂತಿತ್ತು, ಅರ್ಧ ಬಣ್ಣ. ಅವರು ಅದರ ಹೊಟ್ಟೆಯ ಮೇಲೆ ಕೈಯಾಡಿಸಿದರು. ಕೆಲಸದವರು ಯಾರೂ ಗುರುತು ಹಿಡಿಯಲಿಲ್ಲ.

ಉಸಿರು ಹಿಡಿಯುವ ವಿಷಯ ಹೇಳಿದೆ. ಇಪ್ಪತ್ತು ಸೆಕೆಂಡ್ ಹಿಡಿಯಬೇಕು, ಆಗ ಹೃದಯ ದೂರ ಹೋಗುತ್ತದೆ.

"ಹಿಡಿ ಕಾಂಬ. ನಾ ಲೆಕ್ಕ ಹಾಕ್ತೆ." ಶುರು ಮಾಡಿದರು, "ಏಕ್, ದೋನ್, ತೀನ್, ಚಾರ್..."

ಮರಾಠಿ ಲೆಕ್ಕ. ನಗು ಬಂದು ಆರಕ್ಕೇ ಉಸಿರು ಬಿಟ್ಟೆ. ಅವರಿಗೆ ಯಾಕೆ ನಕ್ಕೆ ಅಂತ ಗೊತ್ತಾಗಲಿಲ್ಲ. ಎಣಿಕೆ ಬರುವುದೇ ಆ ಭಾಷೆಯಲ್ಲಿ. ಎರಡನೇ ಸಲ ಹದಿನಾಲ್ಕು. ಮೂರನೆಯ ಸಲ ಇಪ್ಪತ್ತೆರಡು.

ಕತ್ತಲಾಗುವವರೆಗೆ ದಂಡೆಯಲ್ಲಿ ಕೂತೆವು. "ನೀವ್ ಎಂತ ಹೇಳ್ತ್ರಿ, ಮಾಡ್ಸುದಾ ಬ್ಯಾಡ್ದಾ?" ಕೇಳಿದೆ.

"ನಂಗ್ ಕೇಂಬುಕೇ ಹೋಯ್ಲಿಲ್ಲೆ ಅವ್ರ್. ಎದಿನೋವ್ ಬಂತ್, ಎತ್ಕಂಡ್ ಹೋದ್ರ್, ಹಾಕಿದ್ರ್. ನಿಂಗ್ ಕೇಂತಿದ್ರಲೆ. ನೀನೇ ಹೇಳ್ಕ್."

ಅಕ್ಟೋಬರ್ 6, ಸೋಮವಾರ

ಮಾಡಿಸಿಕೊಳ್ಳುತ್ತೇನೆ ಅಂದೆ.

ಡಾಕ್ಟರು ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ಅವರನ್ನೂ ನೋಡಿದರು. "ಯಾರಾದರೂ ಒತ್ತಾಯ ಮಾಡಿದರಾ?"

"ಇಲ್ಲೆ. ಹತ್ತ್ ಅಂದ್ರೆ ಕಮ್ಮಿ ಅಂದ್ ನಂಗೂ ಗೊತ್ತಿತ್ತ್. ಮಾಡ್ಸ್ಕಣದಿದ್ರೆ ಸಾಯುದಿಲ್ಲೆ ಅಂದೂ ಗೊತ್ತಿತ್ತ್. ಆದ್ರೆ ದಿನಾ ಸ್ನಾನ ಮಾಡ್ವತಿಗೆ ಕೈ ಅಲ್ಲಿಗೇ ಹೋತ್ತ್ ಡಾಕ್ಟ್ರೇ. ಬಂತಾ, ಬರ್ಲಿಲ್ಯಾ ಅಂದ್. ಹತ್ತ್ ವರ್ಷ ಹಾಂಗೆ ಕಾಯ್ಕ್. ನಾನ್ ನಲ್ವತ್ತ್ ವರ್ಷ ಕಾದದ್ದ್ ಸಾಕ್. ಇನ್ನೊಂದ್ ಕಾಯುಕ್ ಎಡಿಯ."

ಪಕ್ಕದಲ್ಲಿ ಅವರು ತಲೆ ಬಗ್ಗಿಸಿದರು. ಅವರನ್ನು ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೆ ತಾಗಿತು.

"ಕಾರಣ ಸರಿ ಇದೆ" ಅಂದರು ಡಾಕ್ಟರು. ಬುಧವಾರ ಸ್ಕ್ಯಾನ್, ಚರ್ಮದ ಮೇಲೆ ಗುರುತು. ಸೋಮವಾರದಿಂದ ಶುರು.

ಅಕ್ಟೋಬರ್ 10

ಉಡುಪಿ ಸ್ಟೇಷನ್ನಿಗೆ ಹೋಗಿ ಬಂದೆ. ಹೋದರು. ಎಲ್ಲ ಬೇರೆಯವರಿಗೆ ವಹಿಸಿ ದೀಪಾವಳಿಯೊಳಗೆ ಬಂದುಬಿಡುತ್ತೇನೆ ಅಂದಿದ್ದಾರೆ. ಪೂರ್ತಿಯಾಗಿ. ರೈಲು ಹೊರಟಾಗ ಬಾಗಿಲಲ್ಲಿ ನಿಂತು ಎಡಗೈ ಎತ್ತು ಅಂತ ಸನ್ನೆ ಮಾಡಿದರು. ಎತ್ತಿದೆ. ಪೂರ್ತಿ ಮೇಲೆ ಹೋಯಿತು.

ಅಕ್ಟೋಬರ್ 13, ಸೋಮವಾರ. ಒಂದನೆಯದು

ದೊಡ್ಡ ಕೋಣೆ, ತಣ್ಣಗೆ. ಎರಡು ಕೈಯೂ ತಲೆಯ ಮೇಲೆ. ಎಲ್ಲರೂ ಹೊರಗೆ ಹೋದರು. ಸ್ಪೀಕರಿನಲ್ಲಿ ಸ್ವರ: ಉಸಿರು ಎಳೆಯಿರಿ, ಹಿಡಿಯಿರಿ. ಹಿಡಿದೆ. ಯಂತ್ರ ಗುಂಯ್ ಅಂತು. ಒಳಗೆ ಏಕ್, ದೋನ್, ತೀನ್. ಬಿಡಿ ಅಂದರು. ಏನೂ ತಾಗಲಿಲ್ಲ, ಏನೂ ಕಾಣಲಿಲ್ಲ. ಹತ್ತು ನಿಮಿಷ.

ಇಷ್ಟಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಅಲ್ಲ, ಇಷ್ಟಕ್ಕೆ ಅಲ್ಲ.

ಅಕ್ಟೋಬರ್ 22. ದೀಪಾವಳಿ

ಆಸ್ಪತ್ರೆಗೆ ಸೋಮವಾರವೂ ರಜೆ, ಇವತ್ತೂ ರಜೆ. ಇಲ್ಲಿಗೆ ಆರು ಸಲ ಆಯಿತು. ಅಮಿತಾ ಹಣತೆ ಇಟ್ಟಳು. ಅವರು ಬರಲಿಲ್ಲ. "ಇನ್ನೊಂದ್ ವಾರ" ಅಂದರು.

ಅಕ್ಟೋಬರ್ 30

ಹನ್ನೆರಡು. ಚರ್ಮ ನೇರಳೆ ಹಣ್ಣಿನ ಬಣ್ಣ. ಕೆಳಗಿನ ಮಡಿಕೆಯಲ್ಲಿ ಸುಲಿದಿದೆ, ಡಾಕ್ಟರು ಕೊಟ್ಟ ಮುಲಾಮು. ಅಮಿತಾ ಹಳೆಯ ಮೆತ್ತನೆಯ ಮಲ್ ಬಟ್ಟೆಯಲ್ಲಿ ಸಡಿಲ ರವಿಕೆ ಹೊಲಿದು ಕೊಟ್ಟಿದ್ದಾಳೆ, ಹೊಲಿಗೆ ಎಲ್ಲ ಹೊರಮುಖ. ಸುಸ್ತು. ಪೆನ್ನು ಭಾರ.

ನವೆಂಬರ್ 4, ಮಂಗಳವಾರ

ಹದಿನೈದು. ಮುಗಿಯಿತು.

ಅಮಿತಾ ಬಾಗಿಲಲ್ಲಿ ಕಾದಿದ್ದಳು. ಮತ್ತೆ ಅತ್ತಳು. ಈ ಸಲ ನಾನೂ.

ರಾತ್ರಿ ಅವರಿಗೆ ಹೇಳಿದೆ. ಖುಷಿಪಟ್ಟರು. ಆಮೇಲೆ ಗಂಟಲು ಸರಿ ಮಾಡಿಕೊಂಡರು. ನನಗೆ ಗೊತ್ತಾಯಿತು.

"ಮಾರ್ಚ್ ಕಳೀಲಿ ಸೀತು."

ಹ್ಞೂಂ ಅಂದೆ.

ನವೆಂಬರ್ 9, ಭಾನುವಾರ. ಶಿರೂರು

ಮನೆಗೆ ಬಂದು ಮೂರು ದಿನ. ಇವತ್ತು ಬಿಡಲಿಲ್ಲ, ಕೇಳಿದೆ. ಯಾಕೆ ಬರುವುದಿಲ್ಲ, ಸತ್ಯ ಹೇಳಿ. ಅಲ್ಲಿ ಯಾರಾದರೂ ಇದ್ದಾರಾ?

ಜೋರಾಗಿ ನಕ್ಕರು. "ಎಂಟ್ ಜನ ಇದ್ರ್, ಒಂದೇ ಕೋಣಿಯಂಗೆ. ಎಲ್ರಿಗೂ ಮೀಸಿ ಇತ್ತ್."

"ಮತ್ತೆ?"

ಈ ಸಲ ಕಟ್ ಮಾಡಲಿಲ್ಲ.

"ಇಲ್ಲ್ ಬೆಳಿಗ್ಗೆ ಬಾಗ್ಲ್ ತೆಗ್ದ್ರೆ ಚಂದಯ್ಯಣ್ಣ ಅಂದ್ ಹತ್ತ್ ಜನ ಕರೀತ್ರ್. ಅಲ್ಲಿಗ್ ಬಂದ್ರೆ... ಅದ್ ನಿನ್ ಮನಿ. ಉಪ್ಪ್ ಎಲ್ಲಿತ್ತ್ ಅಂದ್ ನಂಗ್ ಗೊತ್ತಿಲ್ಲೆ. ಹದ್ನೈದ್ ದಿನ ಇದ್ರೆ ನೆಂಟ. ಮತ್ತೆ ಎಂತ ಆಪುದ್ ನಾನ್? ಹೆದ್ರಿಕಿ ಆತ್ತ್ ಸೀತು."

ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋದೆ. ಅವರು ಬಂದಾಗ ಬಡಿಸುವ ತಟ್ಟೆ ಮೇಲಿನ ಕಪಾಟಿನಲ್ಲಿದೆ. ನೆಂಟರಿಗೆ ಇಡುವ ಸೆಟ್ಟಿನದು. ಕೆಳಗೆ ದಿನಬಳಕೆಗೆ ಒಂದೇ ತಟ್ಟೆ. ನಲವತ್ತೊಂದು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟು ವರ್ಷ ನಾನೊಬ್ಬಳೇ ಹಂಬಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರೂ. ಆದರೆ ಬಾಗಿಲು ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ.

ನವೆಂಬರ್ 12

ಡಾಕ್ಟರಿಗೆ ಫೋನ್. ಮುಂಬೈಗೆ ರೈಲಿನಲ್ಲಿ ಹೋಗಬಹುದಾ? ಚರ್ಮ ಒಣಗಿದೆಯಾ ಕೇಳಿದರು. ಒಣಗಿದೆ, ಸಿಪ್ಪೆ ಏಳುತ್ತಿದೆ. ಹೋಗಿ, ಭಾರ ಎತ್ತಬೇಡಿ, ಮಾತ್ರೆ ಮರೆಯಬೇಡಿ, ಡಿಸೆಂಬರ್ ಹದಿನೈದಕ್ಕೆ ತೋರಿಸಿ.

ರಾತ್ರಿ ಅವರಿಗೆ ಹೇಳಿದೆ. "ನೀವ್ ಬಪ್ಪುಕ್ ಹೆದ್ರಿದ್ರೆ ನಾನೇ ಬತ್ತೆ."

"ಇಲ್ಲಿಗಾ? ಎಲ್ ಇಪ್ಪುದ್ ನೀನ್? ಎಂಟ್ ಜನ—"

"ಅದ್ ನೀವ್ ಕಾಣಿ. ಒಂದ್ ಕೋಣಿ ಹುಡ್ಕಿ. ಹತ್ತ್ ದಿನಕ್. ನಿಮ್ ಉಪ್ಪ್ ಎಲ್ಲಿತ್ತ್ ಅಂದ್ ನಾನೂ ಕಾಣ್ಕ್."

ಉಸಿರು ಮಾತ್ರ ಕೇಳಿಸಿತು. ಕಿವಿಗೆ ಒತ್ತಿ ಹಿಡಿದೆ.

"ಬಾ" ಅಂದರು.

ನವೆಂಬರ್ 20, ಗುರುವಾರ. ಸಂಜೆ, ರೈಲಿನಲ್ಲಿ

ಬೈಂದೂರಿನಲ್ಲಿ ಹತ್ತಿದೆ. ಅಮಿತಾ ಬ್ಯಾಗು ಸೀಟಿನ ಕೆಳಗೆ ತಳ್ಳಿ, ಎದುರು ಸೀಟಿನ ನಾಲ್ಕು ಜನರಿಗೂ "ನಮ್ಮಕ್ಕಂಗೆ ಭಾರ ಎತ್ತುಕಾಗ" ಅಂತ ಹೇಳಿ ಇಳಿದಳು. ಮುಂಬೈಗೆ ಹಿಂದೆ ಹೋದದ್ದು ಒಂದೇ ಸಲ, ತೊಂಬತ್ತೊಂದರಲ್ಲಿ.

ಎಡಗಡೆ ಕಿಟಕಿ. ಎದೆ ಉರಿಯುತ್ತಿಲ್ಲ, ಬರೀ ತುರಿಕೆ. ಹತ್ತರಲ್ಲಿ ಇದ್ದೇನೋ ತೊಂಬತ್ತರಲ್ಲಿ ಇದ್ದೇನೋ ಯಾರಿಗೂ ಗೊತ್ತಿಲ್ಲ. ಕಿರಣದಿಂದ ಒಳಗೆ ಏನಾಗಿದೆಯೋ ಅದೂ ಗೊತ್ತಿಲ್ಲ. ಮಾಡುವುದು ಮಾಡಿ ಆಯಿತು. ಇಡೀ ದಿನ ಅದರ ನೆನಪೇ ಬಂದಿಲ್ಲ, ಈಗ ಬರೆಯುವಾಗ ಬಂತು.

ನವೆಂಬರ್ 21. ಬೆಳಿಗ್ಗೆ 5.40

ಪನ್ವೇಲ್ ದಾಟಿತು. ತಲೆ ಬಾಚಿ, ಸೀರೆ ಸರಿ ಮಾಡಿಕೊಂಡೆ. ಪಕ್ಕದ ಹೆಂಗಸು ಯಾರು ಬರುತ್ತಾರೆ ಕರೆದುಕೊಂಡು ಹೋಗಲಿಕ್ಕೆ ಅಂತ ಕೇಳಿದಳು. ನಮ್ಮ ಯಜಮಾನರು ಅಂದೆ. ಎಷ್ಟು ದಿನವಾಯಿತು ಈ ಮಾತು ಜೋರಾಗಿ ಹೇಳಿ.

ನಾಲ್ಕು ಗಂಟೆಗೇ ಫೋನ್ ಮಾಡಿದ್ದರು. ಸ್ಟೇಷನ್ನಿಗೆ ಬಂದು ಕೂತಾಗಿದೆಯಂತೆ. ರೈಲು ಬರಲಿಕ್ಕೆ ಎರಡೂವರೆ ಗಂಟೆ ಇರುವಾಗ! ಕೋಣೆ ಸಿಕ್ಕಿದೆ, ಚಿಕ್ಕದು, ಅಡುಗೆಗೆ ಒಂದು ಮೂಲೆ ಇದೆ ಅಂದರು. ಇಷ್ಟು ಬೇಗ ಯಾಕೆ ಬಂದಿರಿ ಅಂದೆ. "ಕಾದ್ ಕಾಂಬ ಅಂದ್. ಹ್ಯಾಂಗ್ ಆತ್ತ್ ಅಂದ್ ಗೊತ್ತಿರ್ಲಿಲ್ಲೆ."

ಹೇಗೆ ಆಗುತ್ತದೆ ಅಂತ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಈಗ ಥಾಣೆ. ಬೆಳಕಾಗುತ್ತಿದೆ. ಎಲ್ಲರೂ ಸಾಮಾನು ಇಳಿಸುತ್ತಿದ್ದಾರೆ. ಇಳಿದ ಕೂಡಲೇ ಮೊದಲು ಏನು ಹೇಳುವುದು ಅಂತ ಇಡೀ ರಾತ್ರಿ ಯೋಚಿಸಿದೆ. ನಾನು ಅವರಿಗೆ ಮೊದಲು ಹೇಳುವುದು ಇಷ್ಟೇ: "ಉಪ್ಪ್ ಎಲ್ಲಿತ್ತ್, ತೋರ್ಸಿ."